ಎಂಐಟಿಯಿಂದ ಎಲ್‌ಜಿಪಿಎಲ್‌ಗೆ

ಕೆಲವು ವರ್ಷಗಳ ಹಿಂದೆ ನಾನು ದಿನಾಂಕಗಳನ್ನು ಪರಿವರ್ತಿಸುವ ಪುಟ್ಟ ಲೈಬ್ರರಿಯೊಂದನ್ನು (ಬೇರೆ ತಂತ್ರಾಂಶಗಳು ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡ್) ಬರೆದು, ಹೆಚ್ಚು ಯೋಚಿಸದೆ, ಯಾರು ಬೇಕಾದರೂ ಬಳಸಿ ತಿದ್ದಲು ಬಿಡುವ ಎಂಐಟಿ ಪರವಾನಗಿಯಡಿ ಬಿಡುಗಡೆ ಮಾಡಿದ್ದೆ. ಮುಂದೊಂದು ದಿನ ವಾಣಿಜ್ಯ ತಂತ್ರಾಂಶವೊಂದರ ಪರವಾನಗಿ ಪುಟದಲ್ಲಿ, ನೂರಾರು ಸಾಲುಗಳ ನಡುವೆ, ನನ್ನ ಹೆಸರು ಕಣ್ಣಿಗೆ ಬಿತ್ತು. ಲೈಬ್ರರಿಯಲ್ಲಿದ್ದ ಅಧಿಕ ವರ್ಷದ ದೋಷವನ್ನು ಅವರು ಸರಿಪಡಿಸಿಕೊಂಡಿದ್ದರು, ಆದರೆ ಆ ತಿದ್ದುಪಡಿ ನನ್ನವರೆಗೆ ಬರಲೇ ಇಲ್ಲ. ಕೃತಿಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕೆಂದು ಬರೆದುಕೊಟ್ಟವನು ನಾನೇ ಆದ್ದರಿಂದ ದೂರುವಂತೆಯೂ ಇರಲಿಲ್ಲ.

1989ರಲ್ಲಿ ಮೊದಲ ಆವೃತ್ತಿ ಕಂಡ ಜಿಪಿಎಲ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಪರವಾನಗಿಯ ದಾರಿ ಬೇರೆ. ತಂತ್ರಾಂಶವನ್ನು ತಿದ್ದಿ ಇನ್ನೊಬ್ಬರಿಗೆ ಹಂಚುವವರು ಅದರ ಸೋರ್ಸ್ ಕೋಡನ್ನೂ (ಓದಿ ತಿದ್ದಬಲ್ಲ ಮೂಲ ಪಠ್ಯ) ಅದೇ ಷರತ್ತಿನಡಿ ಕೊಡಬೇಕೆಂದು ಅದು ಕೃತಿಸ್ವಾಮ್ಯದ ಕಾನೂನಿನ ಬಲದಿಂದಲೇ ವಿಧಿಸುತ್ತದೆ. ಜಿಪಿಎಲ್‌ನಡಿ ಇರುವ ಲಿನಕ್ಸ್ ಬಳಸಿದ್ದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರ್‌ನ ಕೋಡ್ 2003ರಲ್ಲಿ ಹೊರಬಂದದ್ದು ಈ ಷರತ್ತಿನಿಂದಲೇ, ರೌಟರ್‌ಗಳ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೂ ಆ ಕೋಡಿನಿಂದಲೇ. ಆದರೆ ತಂತ್ರಾಂಶವನ್ನು ಹಂಚದೆ ತಮ್ಮ ಸರ್ವರ್‌ನಲ್ಲಷ್ಟೇ ಓಡಿಸುವವರನ್ನು ಜಿಪಿಎಲ್ ಮುಟ್ಟುವುದಿಲ್ಲ; ಈ ಕಿಂಡಿಯನ್ನು ಮುಚ್ಚಲೆಂದೇ ಎಜಿಪಿಎಲ್ ಎಂಬ ಪರವಾನಗಿ ಇದೆ.

ಷರತ್ತು ಕಡಿಮೆಯಿದ್ದಷ್ಟೂ ಸ್ವಾತಂತ್ರ್ಯ ಹೆಚ್ಚು ಎಂಬ ಮಾತು ಡೆವಲಪರ್‌ನ ಮಟ್ಟಿಗೆ ನಿಜವಿರಬಹುದು, ಕೊನೆಯ ಬಳಕೆದಾರನ ಮಟ್ಟಿಗೆ ನಾನು ಒಪ್ಪಲಾರೆ. ಹಾಗೆಂದು ಎಲ್ಲಕ್ಕೂ ಜಿಪಿಎಲ್ ಹಚ್ಚುವ ಹಟವೂ ನನಗಿಲ್ಲ. ಲೈಬ್ರರಿಯ ಹೊಸ ಆವೃತ್ತಿಗೆ ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯನ್ನು ಆರಿಸಿಕೊಂಡಿದ್ದೇನೆ: ಅದನ್ನು ಮುಚ್ಚಿದ ತಂತ್ರಾಂಶದಲ್ಲಿಯೂ ಬಳಸಬಹುದು, ಲೈಬ್ರರಿಗೇ ಮಾಡಿದ ತಿದ್ದುಪಡಿಯನ್ನು ಮಾತ್ರ ಪಡೆದವರಿಗೆ ತೆರೆದು ಕೊಡಬೇಕು. ಹಳೆಯ ಆವೃತ್ತಿಗಳು ಎಂಐಟಿಯಲ್ಲೇ ಉಳಿದಿವೆ.