ಖಾಲಿ ಮೈಲಿಗಳ ಲೆಕ್ಕ

ದಾವಣಗೆರೆಯಲ್ಲಿರುವ ನನ್ನ ಸೋದರಮಾವ ದುಡಿಮೆಯ ಕಾಲವನ್ನೆಲ್ಲ ಲಾರಿಯ ಸ್ಟೇರಿಂಗ್ ಹಿಡಿದೇ ಕಳೆದವರು. ಮೆಕ್ಕೆಜೋಳ ಹೇರಿಕೊಂಡು ಪುಣೆ, ಮುಂಬೈ ಕಡೆಗೆ ಹೋಗುತ್ತಿದ್ದ ಅವರು, ಅಲ್ಲಿನ ಟ್ರಾನ್ಸ್‌ಪೋರ್ಟ್ ಆಫೀಸುಗಳ ಮುಂದೆ ಎರಡು ದಿನ ಕಾಯಬೇಕಾಗಿ ಬಂದರೂ ರಿಟರ್ನ್ ಲೋಡ್ ಸಿಗದೆ ಗಾಡಿ ತಿರುಗಿಸುತ್ತಿರಲಿಲ್ಲ. ಮಿಷಿಗನ್‌ನಲ್ಲಿ ವಾಹನ ಬಿಡಿಭಾಗಗಳ ಎಂಜಿನಿಯರ್ ಆಗಿದ್ದ ನಾನು 53ನೇ ವಯಸ್ಸಿಗೆ ಕೆಲಸ ಕಳೆದುಕೊಂಡು, ಹೊಸ ಆರ್‌ವಿಗಳನ್ನು, ಅಂದರೆ ಪ್ರವಾಸಕ್ಕೆಂದು ಕಟ್ಟಿದ ಗಾಲಿಮನೆಗಳನ್ನು, ಕಾರ್ಖಾನೆಯಿಂದ ಡೀಲರ್‌ಗಳಿಗೆ ತಲುಪಿಸುವ ಸ್ವತಂತ್ರ ಚಾಲಕನಾಗಿದ್ದೇನೆಂದು ಫೋನಿನಲ್ಲಿ ಹೇಳಿದಾಗ, ಅವರು ಅಯ್ಯೋ ಎನ್ನಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. "ಬರ್ತಾ ಏನ್ ಲೋಡ್ ಹಾಕ್ಕೊಂಡ್ ಬರ್ತೀಯಲೇ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಕಸುಬಿಗೆ ಇಳಿಯುವ ಮೊದಲು ನಾನು ನನ್ನನ್ನೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತೆಂಬುದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ರಿಟರ್ನ್ ಲೋಡ್ ಏಕೆ ಸಿಗುವುದಿಲ್ಲ ಎಂಬುದು ಭೂಪಟ ನೋಡಿದರೆ ತಿಳಿಯುತ್ತದೆ. ಉತ್ತರ ಅಮೆರಿಕದ ಆರ್‌ವಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ತಯಾರಾಗುವುದು ಇಂಡಿಯಾನಾ ರಾಜ್ಯದಲ್ಲಿ. ಅದರಲ್ಲೂ ಬಹುಪಾಲು ಎಲ್ಕ್‌ಹಾರ್ಟ್, ಗೋಷನ್, ಮಿಡ್ಲ್‌ಬರಿ, ನಪನೀ, ವಾಕರೂಸಾದಂಥ ಒಂದಕ್ಕೊಂದು ಅಂಟಿಕೊಂಡ ಊರುಗಳಲ್ಲಿ. ಥಾರ್ ಮತ್ತು ಫಾರೆಸ್ಟ್ ರಿವರ್ ಎಂಬ ಎರಡು ದೈತ್ಯ ಕಂಪನಿಗಳ ಕೇಂದ್ರ ಕಚೇರಿಗಳೂ ಎಲ್ಕ್‌ಹಾರ್ಟ್‌ನಲ್ಲೇ ಇವೆ. ಕತ್ತಲಿರುವಾಗಲೇ ಶಿಫ್ಟ್ ಆರಂಭಿಸುವ ಈ ಕಾರ್ಖಾನೆಗಳಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ಕೆಲಸಗಾರರು ಬಹಳ ಮಂದಿ. ಸ್ವಂತಕ್ಕೆ ಕಾರು ಇಟ್ಟುಕೊಳ್ಳದ, ಕುದುರೆಗಾಡಿಯಲ್ಲಿ ಓಡಾಡುವ ಜನ ಇಡೀ ದೇಶದ ಪ್ರವಾಸಕ್ಕೆ ಗಾಲಿಮನೆ ಕಟ್ಟಿಕೊಡುತ್ತಾರೆಂಬುದು ನನಗೆ ಇಂದಿಗೂ ಸೋಜಿಗ. ಹೀಗೆ ಒಂದೇ ಜಿಲ್ಲೆಯಲ್ಲಿ ಹುಟ್ಟುವ ಗಾಡಿಗಳು ದೇಶದ ನಾಲ್ಕೂ ದಿಕ್ಕಿಗೆ ಹರಿದುಹೋಗುತ್ತವೆಯೇ ಹೊರತು ಅತ್ತಣಿಂದ ಇತ್ತ ಬರುವ ಸರಕು ಹೆಚ್ಚೇನೂ ಇಲ್ಲ. ಹೋಗುವಾಗ ಕೂಲಿ, ಬರುವಾಗ ಖಾಲಿ.

ಈ ಕೆಲಸದಲ್ಲಿ ಎರಡು ದಾರಿಗಳಿವೆ. ಮೋಟಾರ್‌ಹೋಮ್ ಆದರೆ ಅದಕ್ಕೇ ಎಂಜಿನ್ ಇರುವುದರಿಂದ ಅದನ್ನೇ ಓಡಿಸಿಕೊಂಡು ಹೋಗಿ, ಡೀಲರ್‌ಗೆ ಬೀಗದ ಕೈ ಕೊಟ್ಟು, ವಿಮಾನದಲ್ಲೋ ಬಸ್ಸಿನಲ್ಲೋ ಹಿಂದಿರುಗಬೇಕು; ಬಂಡವಾಳ ಬೇಡ, ಆದರೆ ಟಿಕೆಟ್ಟಿನ ಹಣ ಸಾಮಾನ್ಯವಾಗಿ ಚಾಲಕನದೇ. ಎಂಜಿನ್ ಇಲ್ಲದ ಟ್ರಾವೆಲ್ ಟ್ರೇಲರ್ ಅಥವಾ ಫಿಫ್ತ್ ವೀಲ್ (ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಕೂರುವ ಟ್ರೇಲರ್) ಆದರೆ ನಮ್ಮದೇ ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯಬೇಕು. ನಾನು ಎರಡನೆಯದನ್ನು ಆರಿಸಿಕೊಂಡು, 90,000 ಮೈಲಿ ಓಡಿದ್ದ 'ಒಂದು ಟನ್' ಎಂದು ಕರೆಯುವ ವರ್ಗದ ಡೀಸೆಲ್ ಪಿಕಪ್ ಒಂದನ್ನು 38,000 ಡಾಲರಿಗೆ ಕೊಂಡೆ. ಹೊರೆಯೂ ಸೇರಿ ಅದರ ತೂಕದ ಮಿತಿ 11,500 ಪೌಂಡ್. ಎಳೆಯುವ ಟ್ರೇಲರ್ 10,000 ಪೌಂಡ್ ಮೀರಿ, ಎರಡೂ ಸೇರಿದ ಮಿತಿ 26,000 ಪೌಂಡ್ ದಾಟಿದರೆ ವಾಣಿಜ್ಯ ಚಾಲನಾ ಪರವಾನಗಿ, ಅಂದರೆ ಸಿಡಿಎಲ್, ಬೇಕಾಗುತ್ತದೆ. ನಾನು ಆ ಗೆರೆಯ ಈಚೆಗೇ ಉಳಿದಿದ್ದೇನೆ.

ಕೆಲಸ ಹೋದ ಕೆಲವು ಕನ್ನಡಿಗ ಗೆಳೆಯರು ಇದರ ಬಗ್ಗೆ ಕೇಳುತ್ತಿರುವುದರಿಂದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿರುವವರು ತಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದಾದ್ದರಿಂದ ಅವರಿಗೆ ಈ ಬಾಗಿಲು ಮುಚ್ಚಿದೆ; ಪೌರತ್ವವೋ ಗ್ರೀನ್ ಕಾರ್ಡೋ ಇದ್ದವರು ಯೋಚಿಸಬಹುದು. ಹಾಗೆಯೇ ಸ್ವತಂತ್ರ ಗುತ್ತಿಗೆದಾರನಿಗೆ ಸಾಗಣೆ ಕಂಪನಿಯಿಂದ ಆರೋಗ್ಯ ವಿಮೆ ಬರುವುದಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದು, ಅವಳ ವಿಮೆಯಡಿ ನಾನೂ ಇರುವುದರಿಂದಲೇ ಈ ಸಾಹಸಕ್ಕೆ ಕೈ ಹಾಕಿದೆ. ಅದಿಲ್ಲದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು.

ಕಾಗದಪತ್ರದ ಕೆಲಸ ಹೆದರಿದಷ್ಟೇನೂ ಇರಲಿಲ್ಲ. ರಾಜ್ಯಗಳ ಗಡಿ ದಾಟಿ ಸಾಗಿಸುವವರಿಗೆ ಕನಿಷ್ಠ 21 ವರ್ಷವಾಗಿರಬೇಕು, ಕೇಂದ್ರ ಸಾರಿಗೆ ಇಲಾಖೆಯ ಪಟ್ಟಿಯಲ್ಲಿರುವ ವೈದ್ಯರಿಂದ ದೇಹ ತಪಾಸಣೆಯಾಗಬೇಕು. ಆ ಪ್ರಮಾಣಪತ್ರ ಹೆಚ್ಚೆಂದರೆ ಎರಡು ವರ್ಷಕ್ಕೆ ಸಿಗುತ್ತದೆ. ನನ್ನ ರಕ್ತದೊತ್ತಡ 140ರ ಗೆರೆಯನ್ನು ಸ್ವಲ್ಪ ದಾಟಿದ್ದರಿಂದ ಒಂದೇ ವರ್ಷಕ್ಕೆ ಕೊಟ್ಟರು. ಉಪ್ಪಿನಕಾಯಿ ಬಿಡಿ ಎಂದು ಹೆಂಡತಿ ವರ್ಷಗಳಿಂದ ಹೇಳುತ್ತಿದ್ದ ಮಾತಿಗೆ ಸರ್ಕಾರದ ಮೊಹರು ಬಿದ್ದಂತಾಯಿತು. ಆಮೇಲೆ ಸಾಗಣೆ ಕಂಪನಿಯೊಂದು ಹಳೆಯ ಚಾಲನಾ ದಾಖಲೆ ನೋಡಿ, ರಸ್ತೆ ಪರೀಕ್ಷೆ ಮಾಡಿ, ತನ್ನ ಪರವಾನಗಿ ಸಂಖ್ಯೆಯಡಿ ನನ್ನ ಟ್ರಕ್ಕನ್ನು ಸೇರಿಸಿಕೊಂಡಿತು. ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಅದೂ ಕೆಲಸ ಶುರುವಾದ 14 ಗಂಟೆಗಳೊಳಗೆ ಮುಗಿಯಬೇಕು, ಮತ್ತೆ ಓಡಿಸುವ ಮೊದಲು 10 ಗಂಟೆ ಬಿಡುವು ಬೇಕು. ಆರ್‌ವಿ ಸಾಗಿಸುವವರಿಗೆ ಇಲೆಕ್ಟ್ರಾನಿಕ್ ಲಾಗ್‌ನಿಂದ ವಿನಾಯಿತಿ ಇರುವುದರಿಂದ ನಾವು ಇದನ್ನೆಲ್ಲ ಇಂದಿಗೂ ಕಾಗದದ ಮೇಲೆ ಗೆರೆ ಎಳೆದು ದಾಖಲಿಸುತ್ತೇವೆ.

ಮೊದಲ ಟ್ರೇಲರ್ ತೆಗೆದುಕೊಳ್ಳಲು 2025ರ ಮಾರ್ಚ್‌ನಲ್ಲಿ ಹೋದ ದಿನ ಯಾರ್ಡಿನಲ್ಲಿ ಕೆಸರು ಹೆಪ್ಪುಗಟ್ಟಿ ಕಲ್ಲಾಗಿತ್ತು. ಸುಮಾರು 30 ಅಡಿ ಉದ್ದದ ಟ್ರೇಲರ್; ಒಳಗೆ ಹೊಸ ಅಂಟಿನ ವಾಸನೆ, ಪ್ಲಾಸ್ಟಿಕ್ ಹೊದ್ದ ಹಾಸಿಗೆ, ಸ್ಟಿಕರ್ ಕೀಳದ ಒಲೆ. ಕಟ್ಟುವ ಕ್ರಮವನ್ನು ಈಗ ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ: ಟ್ರಕ್ಕಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂತಿಯಲ್ಲಿರುವ ಕಪ್ಲರ್ ಇಳಿಸಿ, ಕೊಂಡಿ ಹಾಕಿ, ಜಾಕಿಯಿಂದ ಟ್ರೇಲರಿನ ಮೂತಿಯನ್ನು ಮತ್ತೆ ಎತ್ತಿ ನೋಡಬೇಕು. ಟ್ರಕ್ಕಿನ ಹಿಂಭಾಗವೂ ಜೊತೆಗೇ ಎದ್ದರೆ ಮಾತ್ರ ಕಪ್ಲರ್ ಸರಿಯಾಗಿ ಕೂತಿದೆ ಎಂದರ್ಥ. ಬಳಿಕ ಎರಡು ಸರಪಳಿಗಳನ್ನು ಕೆಳಗಿನಿಂದ ಒಂದನ್ನೊಂದು ಅಡ್ಡಹಾಯುವಂತೆ ಸಿಕ್ಕಿಸಬೇಕು. ಕೊಂಡಿ ಬಿಚ್ಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ವೀಲ್ ನಟ್. ಹೊಸ ಗಾಲಿಯ ನಟ್‌ಗಳು ಮೊದಲ ಕೆಲವು ಮೈಲಿಗಳಲ್ಲಿ ಸಡಿಲಾಗುತ್ತವೆ. ಆದ್ದರಿಂದ 10, 25 ಮತ್ತು 50ನೇ ಮೈಲಿಗಳಲ್ಲಿ ನಿಲ್ಲಿಸಿ ಟಾರ್ಕ್ ರೆಂಚ್ ಹಾಕಿ, ಅದು 'ಟಕ್' ಎನ್ನುವವರೆಗೆ ಬಿಗಿ ಮಾಡಬೇಕು. ಆ ದಿನ 25ನೇ ಮೈಲಿಯಲ್ಲಿ ಒಂದು ನಟ್ ಕಾಲು ಸುತ್ತು ತಿರುಗಿತು. ಹೆದ್ದಾರಿಯಲ್ಲಿ ಗಾಲಿ ಕಳಚಿ ಮುಂದೋಡುವ ಚಿತ್ರ ಅಂದಿನಿಂದ ನನ್ನ ತಲೆಯಿಂದ ಹೋಗಿಲ್ಲ.

ಮಾವನ ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದ; ರಿವರ್ಸ್ ತೆಗೆಯುವಾಗ ಅವನು ಹಿಂದೆ ನಿಂತು ಬಾಡಿ ತಟ್ಟುತ್ತ "ಬರ್ಲಿ, ಬರ್ಲಿ, ಸಾಕ್" ಎನ್ನುತ್ತಿದ್ದ. ನನಗೆ ಆ ಭಾಗ್ಯವಿಲ್ಲ. ಟ್ರೇಲರ್ ಹಿಂದಕ್ಕೆ ಹೋಗುವಾಗ ನಾವು ತಿರುಗಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ವಾಲುತ್ತದೆ. ಸ್ಟೇರಿಂಗಿನ ಕೆಳಭಾಗವನ್ನು ಹಿಡಿದು, ಟ್ರೇಲರಿನ ಬೆನ್ನು ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿದರೆ ತಲೆ ಕೆಡುವುದಿಲ್ಲ. ಖಾಲಿ ಚರ್ಚಿನ ಪಾರ್ಕಿಂಗಿನಲ್ಲಿ ಮೂರು ಭಾನುವಾರ ಸಂಜೆ ಇದನ್ನು ಅಭ್ಯಾಸ ಮಾಡಿದೆ. ಅಷ್ಟು ಮಾಡಿಯೂ, ಪ್ರತಿ ಬಾರಿ ಹಿಂದಕ್ಕೆ ಬಿಡುವ ಮೊದಲು ಇಳಿದುಹೋಗಿ ಕಣ್ಣಾರೆ ನೋಡಿಯೇ ಬರುತ್ತೇನೆ.

ನನಗೆ ಪಾಠ ಕಲಿಸಿದ್ದು ರಸ್ತೆಯಲ್ಲ, ಒಂದು ಗೀರು. ಓಹಾಯೊದ ಡೀಲರ್ ಒಬ್ಬರ ಅಂಗಳದಲ್ಲಿ, ಟ್ರೇಲರಿನ ಹಿಂಬದಿ ಮೂಲೆಯಲ್ಲಿ ಅಂಗೈ ಉದ್ದದ ಗೀರನ್ನು ಅಲ್ಲಿನ ನೌಕರ ಬೆರಳಿಟ್ಟು ತೋರಿಸಿದ. ಕಾರ್ಖಾನೆಯ ಅಂಗಳದಲ್ಲೇ ಆಗಿದ್ದ ಗೀರು ಅದೆಂದು ನನಗೆ ಬಹುಮಟ್ಟಿಗೆ ಖಾತ್ರಿಯಿತ್ತು, ಆದರೆ ಆ ಮೂಲೆಯ ಫೋಟೋ ನಾನು ತೆಗೆದಿರಲಿಲ್ಲ. ಸರಕು ಪಡೆದ ಚೀಟಿಯಲ್ಲಿ ಬರೆಯದ ಊನವೆಲ್ಲ ಚಾಲಕನ ತಲೆಗೇ. ವಿಮೆಗೆ ಮೊದಲು ನಾನು ಕಟ್ಟಬೇಕಾಗಿದ್ದ 500 ಡಾಲರ್ ಆ ಟ್ರಿಪ್ಪಿನ ಗಳಿಕೆಯನ್ನು ನುಂಗಿ, ಕೈಯಿಂದಲೂ ಸ್ವಲ್ಪ ಕಿತ್ತುಕೊಂಡಿತು. ಈಗ ಒಂದು ಟ್ರೇಲರಿಗೆ 60 ಫೋಟೋ ತೆಗೆಯುತ್ತೇನೆ, ಏಣಿ ಹತ್ತಿ ಸೂರಿನದೂ ಸೇರಿ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಎಲ್ಕ್‌ಹಾರ್ಟ್‌ನಿಂದ ಸಾಲ್ಟ್ ಲೇಕ್ ಸಿಟಿಗೆ, ಅಂದಾಜು 1,500 ಮೈಲಿ, ಮೈಲಿಗೆ 1.85 ಡಾಲರಿನಂತೆ ಒಂದು ಲೋಡ್ ಸಿಕ್ಕಿತು. ಒಟ್ಟು 2,775 ಡಾಲರ್ ಎಂದು ಸಾಗಣೆ ಕಂಪನಿಯಲ್ಲಿ ಲೋಡ್ ಹಂಚುವ ಡಿಸ್ಪ್ಯಾಚರ್ ಹೇಳಿದಾಗ, ಐದಾರು ದಿನಕ್ಕೆ ಇಷ್ಟು, ಹಳೆಯ ಸಂಬಳಕ್ಕೇನೂ ಕಡಿಮೆಯಿಲ್ಲ ಎಂದು ಹಿಗ್ಗಿದೆ. ಆದರೆ ದುಡ್ಡು ಸಿಗುವುದು ಟ್ರೇಲರ್ ಹಿಂದಿದ್ದ ಮೈಲಿಗಳಿಗೆ ಮಾತ್ರ. ಎಳೆಯುವಾಗ ಗ್ಯಾಲನ್ನಿಗೆ 10 ಮೈಲಿ, ಖಾಲಿ ಬರುವಾಗ 17 ಮೈಲಿ ಕೊಡುವ ಟ್ರಕ್ಕಿಗೆ ಹೋಗಿಬರಲು 238 ಗ್ಯಾಲನ್ ಡೀಸೆಲ್ ಬೇಕು. ನಾನು ಕೊಟ್ಟ ಸರಾಸರಿ 3.70 ಡಾಲರಿನ ದರದಲ್ಲಿ ಅದು ಸುಮಾರು 880. ಮೂರು ರಾತ್ರಿಯ ಮೋಟೆಲ್ 240, ಊಟ 120. ಟೈರು, ಎಣ್ಣೆ, ಸವಕಳಿಗೆಂದು ನಾನು ಮೈಲಿಗೆ 25 ಸೆಂಟ್ ಎತ್ತಿಡುತ್ತೇನೆ. 3,000 ಮೈಲಿಗೆ ಅದು 750. ಉಳಿದದ್ದು 785 ಡಾಲರ್, ಅಂದರೆ ಆರು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 130. ಉಳಿದ ಲಾಭದ ಮೇಲೆ ಆದಾಯ ತೆರಿಗೆಯಲ್ಲದೆ 15.3 ಪ್ರತಿಶತ ಸ್ವಂತ ದುಡಿಮೆಯ ತೆರಿಗೆಯೂ ಇದ್ದು, ಅದನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಗಳಲ್ಲಿ ನಾವೇ ಕಂತಿನಂತೆ ಕಟ್ಟಬೇಕು. ವೃತ್ತಿಗಾಗಿ ಓಡಿಸುವ ವಾಹನದ ಖರ್ಚನ್ನು ತೆರಿಗೆ ಇಲಾಖೆಯೇ 2025ಕ್ಕೆ ಮೈಲಿಗೆ 70 ಸೆಂಟ್ ಎಂದು ಗೊತ್ತುಮಾಡಿದೆ. ಖಾಲಿ ಮೈಲಿಗಳನ್ನೂ ಸೇರಿಸಿ ನೋಡಿದರೆ ನನಗೆ ಸಿಕ್ಕಿದ್ದು ಮೈಲಿಗೆ 92 ಸೆಂಟ್ ಮಾತ್ರ. ಕೆಲವರು ಡೀಸೆಲ್ ಕಳೆದು ಉಳಿದದ್ದನ್ನೆಲ್ಲ ಗಳಿಕೆ ಎಂದುಕೊಳ್ಳುತ್ತಾರೆ; ಮೂರು ವರ್ಷದಲ್ಲಿ ಟ್ರಕ್ ಸವೆದು ಹೋದಾಗ, ತಿಂದದ್ದು ಟ್ರಕ್ಕನ್ನೇ ಎಂದು ಅವರಿಗೆ ತಿಳಿಯುತ್ತದೆ.

ಆ ಟ್ರಿಪ್ಪಿನಲ್ಲಿ ವಯೋಮಿಂಗ್‌ನ ಗಾಳಿಯೂ ಸೇರಿಕೊಂಡಿತು. ಲಾರಮಿ ಮತ್ತು ರಾಲಿನ್ಸ್ ನಡುವೆ, ಎಲ್ಕ್ ಪರ್ವತದ ಬುಡದಲ್ಲಿ ಹಾದುಹೋಗುವ ಐ-80 ಹೆದ್ದಾರಿಯಲ್ಲಿ ಗಾಳಿ ಎದ್ದರೆ, ಹಗುರವಾದ ಎತ್ತರದ ವಾಹನಗಳಿಗೆ ಮಾತ್ರ ದಾರಿ ಮುಚ್ಚುತ್ತಾರೆ. ಒಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲದ ನನ್ನ ಟ್ರೇಲರ್ ಆ ವರ್ಣನೆಗೆ ಹೇಳಿ ಮಾಡಿಸಿದಂತಿತ್ತು. ತುಂಬಿದ ದೊಡ್ಡ ಲಾರಿಗಳು ಹೊರಟುಹೋದವು. ನಾನು ಲಾರಮಿಯ ಟ್ರಕ್ ನಿಲ್ದಾಣದಲ್ಲಿ ಹದಿನೆಂಟು ಗಂಟೆ ಕೂತೆ. ಮೋಟೆಲುಗಳೆಲ್ಲ ತುಂಬಿದ್ದವು. ನನ್ನ ಬೆನ್ನ ಹಿಂದೆ ಕ್ವೀನ್ ಸೈಜ್ ಹಾಸಿಗೆ, ಹೀಟರ್, ಸೋಫಾ, ಸ್ನಾನದ ಕೋಣೆ ಎಲ್ಲ ಇದ್ದವು. ಆದರೆ ಅದು ಮಾರಾಟದ ಹೊಸ ಸರಕಾದ್ದರಿಂದ ಮಲಗುವುದಿರಲಿ, ಅದರ ಶೌಚಾಲಯ ಬಳಸಿದರೂ ಕೆಲಸ ಹೋಗುತ್ತದೆ. ಕಂಬಳಿ ಹೊದ್ದು ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದೆ. ಗಾಳಿಗೆ ಟ್ರೇಲರ್ ವಾಲಿದಾಗಲೆಲ್ಲ ಟ್ರಕ್ಕೂ ಅಲುಗುತ್ತಿತ್ತು, ಹೊಯ್ದಾಡುವ ದೋಣಿಯಲ್ಲಿ ಮಲಗಿದಂತೆ. ಕಾದ ಗಂಟೆಗಳಿಗೆ ಯಾರೂ ಕಾಸು ಕೊಡುವುದಿಲ್ಲ.

ಅಲ್ಲಿಂದೀಚೆಗೆ ದೂರದ ಲೋಡ್‌ಗಳ ದೊಡ್ಡ ಮೊತ್ತ ನನ್ನನ್ನು ಮರುಳು ಮಾಡುವುದಿಲ್ಲ. ಓಹಾಯೊ, ಕೆಂಟಕಿ, ಅಯೋವಾ ಕಡೆಯ 250ರಿಂದ 400 ಮೈಲಿಗಳ ಲೋಡ್‌ಗಳನ್ನು ಹಿಡಿಯುತ್ತೇನೆ. ಬೆಳಗ್ಗೆ ಕಟ್ಟಿಕೊಂಡು ಹೊರಟರೆ, ಅದೇ ದಿನ ಇಲ್ಲವೇ ಮರುದಿನ ಮಧ್ಯಾಹ್ನ ಮಿಷಿಗನ್‌ನ ಕಲಮಜೂವಿನ ನಮ್ಮ ಮನೆಯಲ್ಲಿ ಊಟ. ಮೋಟೆಲ್ ಖರ್ಚು ಬಹುತೇಕ ನಿಂತಿದೆ. ಚಳಿಗಾಲದಲ್ಲಿ ಕೆಲಸ ತೆಳುವಾಗುತ್ತದೆಂದು ಹಳಬರು ಹೇಳಿದ್ದಾರೆ, ಅದಕ್ಕಾಗಿ ಬೇಸಿಗೆಯ ಗಳಿಕೆಯಲ್ಲಿ ಬೇರೆ ಇಡುತ್ತಿದ್ದೇನೆ. ಈ ಉದ್ಯಮ ದೇಶದ ಮನಸ್ಥಿತಿಯೊಡನೆ ಏರಿಳಿಯುವಂಥದು: 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳು ಸುಮಾರು 6 ಲಕ್ಷ, 2023ರಲ್ಲಿ ಅದರ ಅರ್ಧದಷ್ಟು. 2009ರಲ್ಲಿ ಎಲ್ಕ್‌ಹಾರ್ಟ್‌ನ ನಿರುದ್ಯೋಗ ನೂರಕ್ಕೆ ಇಪ್ಪತ್ತರ ಹತ್ತಿರ ಹೋಗಿತ್ತು. ಹೀಗಾಗಿ ಸಾಲದ ಮೇಲೆ ಹೊಸ ಟ್ರಕ್ ಕೊಂಡು ಇಲ್ಲಿಗೆ ಬರಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಕಳೆದ ತಿಂಗಳು ಅಯೋವಾದ ಡೀಲರ್ ಒಬ್ಬರಲ್ಲಿ ಟ್ರೇಲರ್ ಬಿಚ್ಚುತ್ತಿದ್ದಾಗ, ಸೂರು ಸೋರುತ್ತಿದ್ದ ಬೇರೊಂದು ಟ್ರೇಲರ್ ವಾರಂಟಿ ರಿಪೇರಿಗೆಂದು ಗೋಷನ್‌ನ ಕಾರ್ಖಾನೆಗೆ ಹೋಗಬೇಕಿದೆ ಎಂದು ತಿಳಿಯಿತು. ಡಿಸ್ಪ್ಯಾಚರ್‌ಗೆ ಫೋನ್ ಮಾಡಿ, ಎರಡು ಗಂಟೆ ಕಾದು, ಅದನ್ನು ಕಟ್ಟಿಕೊಂಡು ಬಂದೆ. ದಾರಿಯಲ್ಲಿ ವಾಲ್ಕಾಟ್‌ನ 'ಅಯೋವಾ 80' ಎಂಬ, ಜಗತ್ತಿನಲ್ಲೇ ದೊಡ್ಡದೆನಿಸಿಕೊಂಡ ಟ್ರಕ್ ನಿಲ್ದಾಣದಲ್ಲಿ ಡೀಸೆಲ್ ಹಾಕಿಸುವಾಗ ಮಾವನಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಆಗ ರಾತ್ರಿ ಹತ್ತು ಗಂಟೆ. ರಿಟರ್ನ್ ಲೋಡ್ ಸಿಕ್ಕಿತೆಂದು ಹೇಳಿದೆ. "ಎಷ್ಟು ಹೊತ್ತು ಕಾದಿ?" ಎಂದರು. ಎರಡು ಗಂಟೆ ಎಂದೆ. ಮಾವ ಜೋರಾಗಿ ನಕ್ಕು, ಎದ್ದು ಬಂದ ಅತ್ತೆಗೆ ವಿಷಯವನ್ನೆಲ್ಲ ಮೊದಲಿನಿಂದ ಹೇಳತೊಡಗಿದರು.