‘ಸಾಕ್ಷಿ ಏನು?’ ಅಂತ ಕೇಳುವ ಮೊದಲು

ಮೈಸೂರಿನ ಸರಸ್ವತಿಪುರಂನ ಒಂದು ಮಹಡಿ ಕೋಣೆಯಲ್ಲಿ ಪ್ರತಿ ಶನಿವಾರ ಆಪ್ತಸಮಾಲೋಚನೆ ಕಲಿಯುವವರಿಗೆ ಪಾಠ ಮಾಡುತ್ತೇನೆ. ಹನ್ನೊಂದು ವರ್ಷ ಆಯ್ತು. ಮಂಡ್ಯ, ಮದ್ದೂರಿನಿಂದ ಬೆಳಗಿನ ರೈಲು ಹಿಡಿದು ಬರುವವರೂ ಇದ್ದಾರೆ. ಒಬ್ಬರು ಕ್ಲೈಂಟ್, ಇನ್ನೊಬ್ಬರು ಸಮಾಲೋಚಕರಾಗಿ ಕೂತು ಮಾಡುವ ಅಭ್ಯಾಸಕ್ಕೆ ರೋಲ್ ಪ್ಲೇ ಅನ್ನುತ್ತೇವೆ. ಕಳೆದ ಜೂನ್‌ನಲ್ಲಿ ನಡೆದ ಅಂಥ ಒಂದು ರೋಲ್ ಪ್ಲೇ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಮಳವಳ್ಳಿ ಕಡೆಯ ಹುಡುಗಿ ಅವತ್ತು ಕ್ಲೈಂಟ್ ಆಗಿ ಕೂತಿದ್ದಳು. ಎದುರಿಗಿದ್ದವನು ಕ್ಲಾಸಿಗೇ ಚುರುಕಾದ ಹುಡುಗ. ಅವಳು ಡಿಗ್ರಿ ಓದುವಾಗಿನ ಹಾಸ್ಟೆಲ್ ವಿಷಯ ಎತ್ತಿದಳು. ‘ನಾನು ತಟ್ಟೆ ಹಿಡ್ಕೊಂಡು ಹೋಗಿ ಕೂತ್ರೆ, ಆ ಟೇಬಲ್‌ನಲ್ಲಿದ್ದ ಇಬ್ಬರು ಎದ್ದು ಬೇರೆ ಕಡೆ ಹೋಗೋರು. ನನ್ನ ಜಾತಿ ಗೊತ್ತಾದ ಮೇಲೆ ಶುರುವಾಗಿದ್ದು ಇದು.’

‘ಅದಕ್ಕೇ ಎದ್ದು ಹೋದ್ರು ಅನ್ನೋದಕ್ಕೆ ಸಾಕ್ಷಿ ಏನು?’ ಅಂತ ಅವನು ಕೇಳಿದ.

ಹಿಂದಿನ ಬೆಂಚಿನಲ್ಲಿ ಕೂತು ಗಮನಿಸುತ್ತಿದ್ದ ನಾನು ಹಾಳೆಯಲ್ಲಿ ಟಿಕ್ ಹಾಕಿದೆ. ಆ ಪ್ರಶ್ನೆ ಕಲಿಸಿದವಳು ನಾನೇ. ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ವಿಧಾನದಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ಮನಸ್ಸಿಗೆ ಬಂದ ಯೋಚನೆಯನ್ನು ಹಾಗೇ ನಂಬಬೇಡಿ, ಆಧಾರ ಇದೆಯಾ ಅಂತ ತೂಗಿ ನೋಡಿ ಅನ್ನುತ್ತದೆ ಅದು. ಪರೀಕ್ಷೆಗೆ ಹೆದರಿ ನಿದ್ದೆಗೆಟ್ಟ ಎಷ್ಟೋ ಮಕ್ಕಳಿಗೆ ಇದರಿಂದ ಒಳ್ಳೆಯದಾಗಿದ್ದನ್ನು ಕಂಡಿದ್ದೇನೆ.

ಅವಳು ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು. ಮತ್ತೆ ತೆಗೆದಳು. ‘ಸಾಕ್ಷಿ ಕೇಳೋದು ಪೊಲೀಸ್ ಸ್ಟೇಷನ್‌ನಲ್ಲಿ ಅಂದ್ಕೊಂಡಿದ್ದೆ’ ಅಂದಳು. ಧ್ವನಿ ಏರಿಸಲಿಲ್ಲ. ಎದ್ದು ತನ್ನ ಜಾಗಕ್ಕೆ ಹೋಗಿ ಕೂತಳು.

ಕ್ಲಾಸಿನಲ್ಲಿ ಗುಜುಗುಜು. ‘ಈಗೆಲ್ಲಿದೆ ಮೇಡಂ ಜಾತಿ, ಮೈಸೂರಲ್ಲಿ ಅಷ್ಟೇನಿಲ್ಲ’ ಅಂದರು ಒಬ್ಬರು. ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿವೆ ಅಂತ ದೂರು ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಮಿಲ್ಲರ್ ಸಮಿತಿ ಕೂರಿಸಿದ ಊರು ಇದು. ನೂರು ವರ್ಷದ ಮೇಲೂ ಬಾಡಿಗೆ ಮನೆ ನೋಡಲು ಹೋದರೆ ‘ನಿಮ್ಮ ಮನೆದೇವರು ಯಾವುದು?’ ಅಂತ ಕೇಳುತ್ತಾರೆ. ಯಾಕೆ ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ತಪ್ಪು ಆ ಹುಡುಗನದ್ದಲ್ಲ. ‘ಜಾತಿ ನೋಡಬೇಡಿ, ಮನುಷ್ಯರನ್ನು ನೋಡಿ’ ಅಂತ ಪ್ರತಿ ಬ್ಯಾಚಿಗೂ ಹೇಳಿಕೊಟ್ಟವಳು ನಾನು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಎದುರಿಗೆ ಕೂತವರಿಗೆ ಅದು ಕೇಳಿಸುವುದೇ ಬೇರೆ. ಆ ಮಾತು ಇಲ್ಲಿ ಎತ್ತಬೇಡ ಅಂತ ಕೇಳಿಸುತ್ತದೆ. ಅವರು ನಮ್ಮನ್ನೂ ಅಳೆಯುತ್ತಿರುತ್ತಾರೆ. ‘ಆಸ್ಟೆಲ್’ ಅಂದಾಗ ನಾವು ಬೇಕಂತಲೇ ‘ಹಾಸ್ಟೆಲ್ಲಾ?’ ಅಂದರೆ ಸಾಕು, ಬಾಯಿ ಮುಚ್ಚಿಕೊಳ್ಳುತ್ತಾರೆ.

ಸಮಾಲೋಚನೆಯಲ್ಲಿ ಇಂಥ ಭೇದಗಳನ್ನು ಹೇಗೆ ನೋಡಬೇಕು ಅನ್ನುವ ಚರ್ಚೆ ಅಮೆರಿಕದಲ್ಲಿ ಎದ್ದಿದ್ದು ಜನಾಂಗ, ಮೈಬಣ್ಣದ ಪ್ರಶ್ನೆಯಿಂದ. ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡುವ ಸಮಾಲೋಚಕರಿಗೆ ಏನೇನು ಗೊತ್ತಿರಬೇಕು ಅಂತ 1992ರಲ್ಲಿ ಡೆರಾಲ್ಡ್ ವಿಂಗ್ ಸೂ, ಪೆಟ್ರೀಷಿಯಾ ಅರೆಡೊಂಡೊ, ರೋಡೆರಿಕ್ ಮೆಕ್‌ಡೇವಿಸ್ ಬರೆದರು. 2015ರಲ್ಲಿ ಬೇರೆಯವರು ಅದನ್ನು ತಿದ್ದಿ ಸಾಮಾಜಿಕ ನ್ಯಾಯವನ್ನೂ ಸೇರಿಸಿದರು. ಸಮಾಜದಲ್ಲಿ ಮೇಲಿರುವವರು ಯಾರು, ಕೆಳಗೆ ತಳ್ಳಿಸಿಕೊಂಡವರು ಯಾರು, ಕೋಣೆಯಲ್ಲಿರುವ ಇಬ್ಬರೂ ಎಲ್ಲೆಲ್ಲಿ ನಿಂತಿದ್ದಾರೆ ಅನ್ನುವುದನ್ನು ಸಮಾಲೋಚಕರು ಮೊದಲು ನೋಡಿಕೊಳ್ಳಬೇಕು ಅನ್ನುತ್ತದೆ ಅದು. ಅದನ್ನು ಹಾಗೇ ತಂದು ಇಲ್ಲಿ ಹಚ್ಚಲು ಆಗಲ್ಲ. ಆದರೆ ಆ ಪ್ರಶ್ನೆ ನಮಗೂ ಬೇಕು. ನಮ್ಮದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಸಿಗುವುದರಲ್ಲಿ ಭೇದ ಇರಬಾರದು ಅನ್ನುವಾಗ ಜಾತಿ, ಧರ್ಮ, ವರ್ಗ ಅಂತ ಹೆಸರು ಹಿಡಿದೇ ಹೇಳಿದೆ. ನಾನು ಹನ್ನೊಂದು ವರ್ಷ ಹೆಸರು ಹಿಡಿಯದೆ ಪಾಠ ಮಾಡಿದೆ.

ಮೈಬಣ್ಣದ ಮಾತು ನಮಗೂ ದೂರದ್ದಲ್ಲ ಬಿಡಿ. ಮೈಸೂರಿಗೆ ಓದಲು ಬರುವ ಆಫ್ರಿಕಾದ ಹುಡುಗರನ್ನು ಬಸ್ಸಿನಲ್ಲಿ ಜನ ನೋಡುವ ನೋಟ ಕಂಡವರಿಗೆ ಇದು ಗೊತ್ತು.

ಈಗ ಸಿಬಿಟಿ ಪಾಠದ ಕ್ರಮ ಬದಲಾಯಿಸಿದ್ದೇನೆ. ಆಗಿದ್ದು ನಿಜವಾದ ಅವಮಾನ ಆಗಿದ್ದರೆ ಅದನ್ನು ನಿಜ ಅಂತ ಒಪ್ಪುವುದು ಮೊದಲ ಕೆಲಸ. ಆಮೇಲೆ, ಅದರಿಂದ ‘ನಾನೇ ಕೀಳು’ ಅನ್ನುವ ಯೋಚನೆ ಒಳಗೆ ಕೂತಿದ್ದರೆ ಅದನ್ನು ಹಿಡಿದು ಮಾತಾಡಬಹುದು. ಎರಡೂ ಬೇರೆ ಬೇರೆ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಸಾಲದು. ಕಾಲೇಜಿನಲ್ಲಿ ದೂರು ಕೊಡುವುದು ಎಲ್ಲಿ ಅನ್ನುವುದೂ ಸಮಾಲೋಚಕರಿಗೆ ಗೊತ್ತಿರಬೇಕು. ಕಾಲೇಜುಗಳಲ್ಲಿ ಭೇದಭಾವ ತಡೆಯಲು ಒಬ್ಬ ಅಧಿಕಾರಿ ಇರಬೇಕು ಅಂತ 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು. ನನ್ನ ಕ್ಲಾಸಿನಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಮುಂದಿನ ಶನಿವಾರ ಅವಳ ಹತ್ತಿರ ಕ್ಷಮೆ ಕೇಳಿದೆ, ಎಲ್ಲರ ಎದುರಿಗೇ. ‘ಇನ್ನೊಂದು ಸಲ ಮಾಡೋಣ ಮೇಡಂ’ ಅಂದಳು. ಅದೇ ಹುಡುಗ ಎದುರಿಗೆ ಕೂತ. ಅವಳು ಅದೇ ತಟ್ಟೆಯ ಮಾತು ಹೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ.

‘ಅವತ್ತು ಊಟ ಮಾಡಿದ್ರಾ?’ ಅಂತ ಕೇಳಿದ.

‘ಇಲ್ಲ’ ಅಂದಳು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದಳು.