ಹಳೇ ಜೀಪಿನ ಹೌಸಿಂಗ್‌ಗೆ ಯಾವ ಆಯಿಲ್?

ನಮ್ಮ ಮನೆಯ ಜೀಪಿಗೆ ಮೂವತ್ತು ದಾಟಿದೆ. ತೋಟದಿಂದ ಕಾಫಿ ಮೂಟೆ ಹೊತ್ತೇ ಹಳೆಯದಾದ ಗಾಡಿ. ಈ ಸಲ ಮಳೆಗಾಲ ಮುಗಿದ ಮೇಲೆ, ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವಾಗ ಹಿಂದಿನ ಆಕ್ಸಲ್‌ನ ಹೌಸಿಂಗ್‌ನಿಂದ (ಹಿಂಚಕ್ರ ತಿರುಗಿಸುವ ಗೇರುಗಳಿರುವ ಕಬ್ಬಿಣದ ಗೂಡು) ‘ಕುಂಯ್’ ಅನ್ನುವ ಸದ್ದು ಶುರುವಾಯಿತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಜಾಸ್ತಿ.

“140 ನಂಬರಿನ ದಪ್ಪ ಗೇರ್ ಆಯಿಲ್ ಹಾಕು, ಸದ್ದು ಹೋಗುತ್ತೆ” ಎಂದರು ಗೆಳೆಯರು. ಒಂದು ಕ್ಯಾನ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋದೆ.

“ಮೊದಲು ಒಳಗೆ ಏನಿದೆ ನೋಡೋಣ” ಎಂದರು ಮೆಕ್ಯಾನಿಕ್ ಅಣ್ಣ. ಆಯಿಲ್ ತುಂಬುವ ಮೇಲಿನ ನಟ್ಟನ್ನೇ ಮೊದಲು ಸಡಿಲ ಮಾಡಿದರು. ಕೆಳಗಿನಿಂದ ಎಲ್ಲ ಸುರಿಸಿದ ಮೇಲೆ ಇದು ಬಿಚ್ಚದೇ ಹೋದರೆ ತುಂಬುವುದೆಲ್ಲಿಂದ, ಅಲ್ವಾ? ಕೆಳಗಿನದು ಬಿಚ್ಚಿದಾಗ ಬೋಗುಣಿಗೆ ಬಿದ್ದದ್ದು ಹಾಲು ಹಾಕಿದ ಕಾಫಿಯ ಬಣ್ಣದ ಆಯಿಲ್. ನೀರು ಸೇರಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಕಬ್ಬಿಣದ ಚೂರು ಸಿಗಲಿಲ್ಲ. ಪುಣ್ಯ.

ಆಕ್ಸಲ್ ಮೇಲಿನ ಬ್ರೀದರ್‌ನಲ್ಲಿ, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ತೂತಿನಲ್ಲಿ, ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಓಡಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಅದು ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ನಾನು ತೋಡು ದಾಟಿಸಿದ್ದೆ.

ಕೊನೆಗೆ ಹಾಕಿದ್ದು 80ಡಬ್ಲ್ಯೂ-90, ಜಿಎಲ್-5. ಮೊದಲನೆಯದು ಆಯಿಲಿನ ದಪ್ಪದ ನಂಬರ್, ಎರಡನೆಯದು ಗೇರ್ ಆಯಿಲಿನ ದರ್ಜೆ. ನಮ್ಮ ಹೌಸಿಂಗ್ ಒಳಗಿರುವುದು ಹೈಪಾಯ್ಡ್ ಜಾತಿಯ ಕ್ರೌನ್-ಪಿನಿಯನ್. ಇಂಜಿನ್ ಕಡೆಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಪಿನಿಯನ್ ಕ್ರೌನಿನ ನಡುಮಟ್ಟಕ್ಕೆ ಇರುವುದಿಲ್ಲ, ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಅದಕ್ಕೇ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಬರೀ ದಪ್ಪ ಸಾಲದು, ಗಂಧಕ-ರಂಜಕದ ಅಂಶ ಬೇಕು. ಅದು ಜಿಎಲ್-4ಗಿಂತ ಜಿಎಲ್-5ರಲ್ಲಿ ಜಾಸ್ತಿ.

“ಉಳಿದದ್ದು ಗೇರ್ ಬಾಕ್ಸಿಗೂ ಹಾಕ್ಲಾ ಅಣ್ಣ?”

“ಬೇಡ. ಒಳಗೆ ಹಿತ್ತಾಳೆ ರಿಂಗ್ ಇದೆ. ಅಷ್ಟು ಗಂಧಕ ಅದಕ್ಕಾಗದು, ಜಿಎಲ್-4ಏ ಸರಿ.”

140 ಕೆಟ್ಟದ್ದೇನಲ್ಲ. ಹಲ್ಲು ಸವೆದು, ಭಾರೀ ಲೋಡು ಎಳೆಯುವ ಗಾಡಿಗೆ ಹಾಕುವವರಿದ್ದಾರೆ. ಆದರೆ ನೀರು ಸೇರಿ ಬಂದ ಸದ್ದನ್ನು ದಪ್ಪ ಆಯಿಲಿನಿಂದ ಮುಚ್ಚಿಬಿಟ್ಟಿದ್ದರೆ ಬೇರಿಂಗ್ ಒಳಗೊಳಗೇ ತುಕ್ಕು ಹಿಡಿಯುತ್ತಿತ್ತು. ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಮೇಲಿನ ತೂತಿನ ಅಂಚಿಗೆ ಬಂದು ಹೊರಗೆ ತೊಟ್ಟಿಕ್ಕುವವರೆಗೆ ತುಂಬಿದರು. ಒಳಗೆ ನೀರಿನ ಪಸೆ ಉಳಿದಿರುತ್ತದಲ್ಲ, 500 ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಬದಲಾಯಿಸಬೇಕು. ಸದ್ದು ತುಂಬಾ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಚಾಸಿಯ ಮೇಲ್ಗಡೆಗೆ ಎತ್ತಿ ಕಟ್ಟಿದ್ದೇವೆ.